ಮೂಲೆಯ ಗಡಿಯಾರ

ಪರ್ತ್ ಹೊರವಲಯದ ಜೂಂಡಲಪ್ಪಿನಲ್ಲಿ ಏಳೂ ಐದರ ರೈಲು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿದ ಸಣ್ಣ ಖುಷಿಯಲ್ಲಿ ಮಹಾಬಲೇಶ್ವರ ಫೋನು ತೆಗೆದು ಆಫೀಸಿನ ಮೇಲ್ ನೋಡಿದ. ನೋಡಬಾರದಿತ್ತು. ಅಡಿಲೇಡಿನ ಆಸ್ಪತ್ರೆಯಿಂದ ಹೆಲೆನ್ ಬರೆದಿದ್ದಳು. ಅಲ್ಲಿ ಆಗಲೇ ಒಂಬತ್ತೂವರೆ ದಾಟಿತ್ತು. ಅಲ್ಲಿಯವರು ದಿನಾಲೂ ತನಗಿಂತ ಎರಡೂವರೆ ಗಂಟೆ ಮೊದಲೇ ಎದ್ದು ಕೂತು ತನ್ನ ತಪ್ಪು ಹುಡುಕುತ್ತಿರುತ್ತಾರೆ ಎಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು. ಮೇಲ್ ಐದೇ ಸಾಲು. ಭಾನುವಾರ ಆಸ್ಪತ್ರೆಯಲ್ಲಿ ಒಂದು ಅನಾಹುತವಾಗಿದೆ. ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು, ಅವರಲ್ಲಿ ಒಬ್ಬರಿಗಿದ್ದ ಅಲರ್ಜಿಯ ಎಚ್ಚರಿಕೆ ಕಂಪ್ಯೂಟರಿನಲ್ಲಿ ಬಂದಿಲ್ಲ. ವಯಸ್ಸಾದ ಆ ಹೆಂಗಸಿಗೆ ಪೆನಿಸಿಲಿನ್ ಕೊಟ್ಟಿದ್ದಾರೆ. ನಲವತ್ತೇಳನೇ ಟೆಸ್ಟಿನ ಸಾಕ್ಷಿ ಕಳಿಸಿ. ನಮ್ಮ ಒಂದು ಗಂಟೆಗೆ, ನಿಮ್ಮ ಹತ್ತೂವರೆಗೆ, ಮಾತಾಡೋಣ. ಮ್ಯಾನೇಜರ್ ಕ್ರೇಗ್‌ಗೂ, ಅವನ ಟೆಸ್ಟುಗಳನ್ನು ಮರುಪರಿಶೀಲಿಸುವ ಬ್ರಿಸ್ಬೇನ್ ಆಫೀಸಿನ ಮೈತ್ರೇಯಿಗೂ ಪ್ರತಿ ಹೋಗಿತ್ತು. ನಲವತ್ತೇಳು ಎಂಬ ಅಂಕಿಯನ್ನು ನೋಡಿದ ಕೂಡಲೇ ಮಹಾಬಲೇಶ್ವರನಿಗೆ ಎಲ್ಲವೂ ಗೊತ್ತಾಗಿಹೋಯಿತು. ಆದರೂ ಗೊತ್ತಿಲ್ಲದವನಂತೆ ಮೇಲನ್ನು ಇನ್ನೆರಡು ಸಲ ಓದಿದ. ಆಮೇಲೆ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿಗಳನ್ನು ಒತ್ತಿತು, ಫೋನಿನ ಪರದೆ ಒಮ್ಮೆ ಬೆಳ್ಳಗೆ ಮಿನುಗಿತು, ಹೆಲೆನ್ ಬರೆದ ಮೇಲ್ ಒಂದು ಚಿತ್ರವಾಗಿ ಫೋನಿನಲ್ಲಿ ಉಳಿಯಿತು.

ತಾತನ ಹೆಸರನ್ನು ಅವನಿಗೆ ಇಟ್ಟಿದ್ದರು. ಮಹಾಬಲ ಎಂದು ಕರೆಸಿಕೊಂಡ ಈ ನಲವತ್ತೆರಡು ವರ್ಷಗಳಲ್ಲಿ ತನ್ನಷ್ಟು ಪುಕ್ಕಲನನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಪರದೆಯ ಮೇಲೆ ಕಂಡದ್ದೆಲ್ಲ ಮಾಯವಾಗಬಹುದು, ಆದ್ದರಿಂದ ಕಂಡಾಗಲೇ ಹಿಡಿದಿಟ್ಟುಕೊಳ್ಳಬೇಕು ಎನ್ನುವುದು ಅವನ ಬದುಕಿನ ಒಂದೇ ಸಿದ್ಧಾಂತ. ವೀಸಾ ಮಂಜೂರಾದ ಪುಟ, ಕರೆಂಟು ಬಿಲ್ಲು ಕಟ್ಟಿದ ಪುಟ, ತನ್ವಿಯ ಸ್ಕೂಲಿನವರು ಕಳಿಸಿದ ಸೂಚನೆ, ಕ್ರೇಗ್ ಯಾವಾಗಲೋ 'ಗುಡ್ ಜಾಬ್ ಮೇಟ್' ಎಂದು ಬರೆದ ಒಂದು ಸಾಲು, ಎಲ್ಲವೂ ಅವನ ಕಂಪ್ಯೂಟರಿನಲ್ಲಿ ವರ್ಷ, ತಿಂಗಳ ಪ್ರಕಾರ ಫೋಲ್ಡರುಗಳಾಗಿ ಕೂತಿದ್ದವು. "ಅಪ್ಪಾ, ಯು ಸ್ಕ್ರೀನ್‌ಶಾಟ್ ಎವ್ರಿಥಿಂಗ್! ಇಟ್ಸ್ ಲೈಕ್ ಅ ಡಿಸೀಸ್," ಎಂದು ತನ್ವಿ ನಗುತ್ತಿದ್ದಳು. ನಗಲಿ. ಅವಳಿಗೇನು ಗೊತ್ತು. ಒಂಬತ್ತು ವರ್ಷದ ಹಿಂದೆ ಬೆಂಗಳೂರಿನ ಆಫೀಸಿನಲ್ಲಿ, ತಂಗಿಯ ಮದುವೆಗೆಂದು ಹಾಕಿದ್ದ ನಾಲ್ಕು ದಿನದ ರಜೆ ಕಂಪ್ಯೂಟರಿನಲ್ಲಿ ಮಂಜೂರಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ, ಹಸಿರು ಅಕ್ಷರ. ಮದುವೆ ಮುಗಿಸಿ ಬಂದರೆ ಆ ಹಸಿರು ಅಕ್ಷರವೇ ಇಲ್ಲ. ಎಚ್‌ಆರ್‌ನ ಹುಡುಗಿ ಎಂಟು ಜನರ ಎದುರಿಗೆ ಪೆನ್ನು ಕಚ್ಚುತ್ತಾ, "ಪ್ರೂಫ್ ಇದ್ಯಾ ಸರ್? ಎಲ್ರೂ ಹೀಗೇ ಹೇಳ್ತಾರೆ," ಎಂದಿದ್ದಳು. ಮದುವೆಯ ಲಾಡಿನ ಡಬ್ಬಿ ಹಿಡಿದುಕೊಂಡು ಅವನು ಕಳ್ಳನ ಹಾಗೆ ನಿಂತಿದ್ದ. ಕೀಬೋರ್ಡಿನಲ್ಲಿ ಪರದೆಯ ಚಿತ್ರ ತೆಗೆಯುವ ಆ ಕೀಲಿಯನ್ನು ಬೆರಳು ಕಲಿತದ್ದು ಆವತ್ತಿನಿಂದ. ಕಲಿತದ್ದು ಅನ್ನವನ್ನೂ ಕೊಟ್ಟಿತು. ಆಸ್ಪತ್ರೆಗಳಿಗೆ ಹೋಗುವ ಸಾಫ್ಟ್‌ವೇರನ್ನು ಮೊದಲೇ ಪರೀಕ್ಷೆ ಮಾಡುವುದು ಅವನ ಕೆಲಸ; ಒಂದೊಂದು ಹಂತಕ್ಕೂ ಪರದೆಯ ಚಿತ್ರ ತೆಗೆದು, ದಾಖಲೆಗೆ ಅಂಟಿಸಿ, ಕೆಳಗೆ 'ಪಾಸ್' ಎಂದು ಬರೆಯುವುದು. ಹೆದರುವವನಿಗೆ ಹೇಳಿ ಮಾಡಿಸಿದ ನೌಕರಿ.

ಭೂಮಿಯ ಕೆಳಗಿನ ಸ್ಟೇಷನ್ನಿನಿಂದ ಮೇಲೆ ಬಂದಾಗ ಪರ್ತ್ ಸಿಟಿಯ ಬಿಸಿಲು ಆಗಲೇ ಕಣ್ಣಿಗೆ ಚುಚ್ಚುತ್ತಿತ್ತು, ನಲವತ್ತು ಮುಟ್ಟುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಪುಕ್ಕಟೆ ಬಸ್ಸಿಗೆ ಕಾಯದೆ ನಡೆದೇ ಹೋದ. ನಡೆದರೆ ತಡವಾಗುತ್ತದೆ, ತಡವಾದಷ್ಟು ಒಳ್ಳೆಯದು. ಆಫೀಸಿನ ಒಳಗೆ ಏಸಿಯ ಚಳಿ. ಬೆನ್ನಿನ ಬೆವರು ತಣ್ಣಗಾಗಿ ಅಂಗಿ ಅಂಟಿಕೊಂಡಿತು. ದಾಖಲೆ ತೆರೆದು ನಲವತ್ತೇಳಕ್ಕೆ ಬಂದ. ಇತ್ತು. ಪರೀಕ್ಷೆಗೆಂದು ಸುಳ್ಳು ರೋಗಿಗಳನ್ನು ಹುಟ್ಟಿಸುವಾಗ ಅವನು ಯಾವಾಗಲೂ ಮನೆಯವರ ಹೆಸರನ್ನೇ ಕೊಡುತ್ತಿದ್ದ, ಬೇರೆ ಹೆಸರು ಯೋಚಿಸಲು ಸೋಮಾರಿತನ. ಇಲ್ಲಿ ಹೆಂಡತಿಯ ಹೆಸರಿನವರು ಇಬ್ಬರು: ಸುಲೋಚನಾ, ಸುಲೋಚನಾ. ಒಬ್ಬಳಿಗೆ ಹೆಂಡತಿಯದೇ ಹುಟ್ಟಿದ ತಾರೀಖು, ಒಬ್ಬಳಿಗೆ ಸುಮ್ಮನೆ ಒಂದು ತಾರೀಖು. ಹುಟ್ಟಿದ ತಾರೀಖು ನಿಜವಿದ್ದವಳಿಗೆ ಪೆನಿಸಿಲಿನ್ ಆಗುವುದಿಲ್ಲ. ಅವಳ ಹೆಸರಿನ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ. ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಬಲಗಡೆ ಕೆಳಗಿನ ಮೂಲೆಯಲ್ಲಿ ಕಂಪ್ಯೂಟರಿನ ಪುಟ್ಟ ಗಡಿಯಾರ, ಅದರ ಕೆಳಗೆ ತಾರೀಖು: 22/08/2014. ಹಿಂದಿನ ಪುಟದಲ್ಲಿ 14/11/2014. ಮುಂದಿನ ಪುಟದಲ್ಲಿ 14/11/2014. ನಡುವೆ ಈ ಒಂದು ಪುಟದಲ್ಲಿ ಮಾತ್ರ ಇನ್ನೂ ಆಗಸ್ಟ್ ತಿಂಗಳು.

ಆಗಸ್ಟಿನಲ್ಲಿ ಅವನು ಆ ಟೆಸ್ಟ್ ಮಾಡಿದ್ದ, ಕೆಂಪು ಚೌಕ ಬಂದಿತ್ತು. ಆಮೇಲೆ ಸಾಫ್ಟ್‌ವೇರನ್ನು ಅಲ್ಲಲ್ಲಿ ಬದಲಾಯಿಸಿದರು. ಬದಲಾಯಿಸಿದ ಮೇಲೆ ನವೆಂಬರಿನಲ್ಲಿ ಎಲ್ಲವನ್ನೂ ಇನ್ನೊಮ್ಮೆ ಮಾಡಬೇಕಿತ್ತು. ಎಲ್ಲವನ್ನೂ ಮಾಡಿದ, ಇದೊಂದನ್ನು ಬಿಟ್ಟು. ಇಬ್ಬರು ಸುಲೋಚನಾರನ್ನು ಮತ್ತೆ ಹುಟ್ಟಿಸಿ, ಇಬ್ಬರಿಗೂ ವಾರ್ಡು, ಹಾಸಿಗೆ, ಔಷಧ ಕೊಟ್ಟು ಮುಗಿಸಲು ಎರಡು ಗಂಟೆ ಬೇಕು. ಶುಕ್ರವಾರ ಮಧ್ಯಾಹ್ನ ಬೇರೆ. ಹಳೆಯ ಚಿತ್ರ ಕೈಗೆ ಸಿಕ್ಕುವಂತಿತ್ತು, ತಂದು ಅಂಟಿಸಿದ. ಅವತ್ತು ಸಂಜೆ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ತನ್ವಿಯ ಡ್ಯಾನ್ಸ್ ಪ್ರಾಕ್ಟೀಸ್ ಇತ್ತಲ್ಲ, ಸುಲೋಚನಾ ಮೂರು ಸಲ ಫೋನು ಮಾಡಿದ್ದಳಲ್ಲ, ಮಗಳಿಗೋಸ್ಕರ ಓಡಿಹೋಗಬೇಕಾಗಿತ್ತಲ್ಲ ಎಂದು ಅವನು ರೈಲಿನಿಂದಲೂ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಹೆಲೆನ್‌ಗೆ ಹೀಗೆಯೇ ಹೇಳಬಹುದು. ಮಕ್ಕಳ ವಿಷಯ ಎಂದರೆ ಈ ದೇಶದವರು ಮೆತ್ತಗಾಗುತ್ತಾರೆ. ನವೆಂಬರಿನ ಫೋಲ್ಡರು ತೆರೆದು ಸಂಘದವರ ಮೆಸೇಜಿನ ಚಿತ್ರ ಹುಡುಕಿದ. ಸಿಕ್ಕಿತು. ಸಿಕ್ಕದೇ ಇರುತ್ತದೆಯೇ. ಪ್ರಾಕ್ಟೀಸ್ ಗುರುವಾರ ಸಂಜೆ ಆರಕ್ಕೆ ಎಂದಿತ್ತು. ಗುರುವಾರ! ಹಾಗಾದರೆ ಶುಕ್ರವಾರ? ಶುಕ್ರವಾರ ಅವನು ಮೂರೂ ನಲವತ್ತರ ರೈಲು ಹಿಡಿದು ಮನೆಗೆ ಹೋಗಿ, ಷೂ ಬಿಚ್ಚಿ, ಖಾರ ಅವಲಕ್ಕಿಯ ಬಟ್ಟಲು ಇಟ್ಟುಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡಿದ್ದ. ಅಷ್ಟೇ. ಅಷ್ಟಕ್ಕೇ. ಅವನಿಗೆ ಅಸಹ್ಯವಾಯಿತು. ಮೈಯೆಲ್ಲ ಸುಳ್ಳು ಹೇಳಲು ಸಿದ್ಧವಾಗಿದ್ದಾಗ, ತನ್ನ ಕೈಯಾರೆ ತೆಗೆದಿಟ್ಟ ಚಿತ್ರವೇ ತನ್ನ ಮುಖಕ್ಕೆ ಹೊಡೆದಿತ್ತು.

ಎಂಟೂ ನಲವತ್ತಕ್ಕೆ ಸುಲೋಚನಾ ಫೋನು ಮಾಡಿದಳು.

"ರೀ, ಪಿಆರ್ ಮೆಡಿಕಲ್‌ಗೆ ಡೇಟ್ ಸಿಕ್ತು. ಮುಂದಿನ ಗುರುವಾರ, ಮೂರೂ ಜನಕ್ಕೂ ಒಟ್ಟಿಗೇ. ನೀವು ಆಫ್ ತಗೋಬೇಕು ಆಯ್ತಾ?"

"ಆಯ್ತು."

"ಏನ್ರೀ, ಇಷ್ಟು ದಿನ ಕಾದು ಸಿಕ್ಕಿರೋದು, ಆಯ್ತು ಅಂತೀರಿ ಅಷ್ಟೇ? ಧ್ವನಿ ಯಾಕೆ ಹಾಗಿದೆ?"

"ಏಸಿ. ಗಂಟಲು ಕಟ್ಟಿದೆ."

"ಸ್ವೆಟರ್ ಬೀರೂನಲ್ಲೇ ಬಿಟ್ಟು ಹೋಗಿದೀರಿ. ಎಷ್ಟು ಸಲ ಹೇಳೋದು. ಬಿಸಿ ನೀರು ಕುಡೀರಿ. ಆಮೇಲೆ ಆ ಡೇಟ್‌ದು ಸ್ಕ್ರೀನ್‌ಶಾಟ್ ಕಳಿಸಿದೀನಿ, ಸೇವ್ ಮಾಡ್ಕೊಳ್ಳಿ, ಇಲ್ದಿದ್ರೆ ನಿಮಗೆ ನಿದ್ದೆ ಬರಲ್ಲ," ಎಂದು ನಗುತ್ತಾ ಇಟ್ಟಳು.

ಈ ಕಂಪನಿಯೇ ಅವನ ವೀಸಾ, ಈ ದೇಶದಲ್ಲಿ ಕಾಯಂ ಉಳಿಯಲು ಹಾಕಿದ ಪಿಆರ್ ಅರ್ಜಿಯೂ ಈ ಕಂಪನಿಯೇ. ಕೆಲಸ ಹೋದರೆ ತೊಂಬತ್ತು ದಿನ. ತೊಂಬತ್ತು ದಿನದೊಳಗೆ ಇನ್ನೊಬ್ಬರು ಕೆಲಸ ಕೊಡಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹೋದ ವರ್ಷ ಗೆಳೆಯ ನಾಗರಾಜ ಹಾಗೆ ಹೋದದ್ದನ್ನು ಅವನು ನೋಡಿದ್ದ. ಕೊನೆಯ ವಾರ ಅವನ ಮನೆಗೆ ಹೋದಾಗ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಎಲ್ಲರೂ ಕಾರ್ಪೆಟ್ಟಿನ ಮೇಲೆ ಕೂತು ಕಾಫಿ ಕುಡಿದರು. ನಾಗರಾಜನ ಮಗಳು ಅದಿತಿ ತನ್ನ ಸೈಕಲ್ಲನ್ನು ತನ್ವಿಗೆ ಕೊಡುವಾಗ ಅಳಲಿಲ್ಲ, ಬೆಲ್ಲು ಸರಿಯಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿ ಕೊಟ್ಟಳು. ಮನೆಗೆ ಬರುವ ದಾರಿಯಲ್ಲಿ ಸುಲೋಚನಾ, "ನಮಗೆ ಹಾಗಾಗಲ್ಲ ಅಲ್ವಾ?" ಎಂದಿದ್ದಳು. "ನನ್ನ ಹತ್ರ ಎಲ್ಲಾದಕ್ಕೂ ಪ್ರೂಫ್ ಇದೆ ಕಣೇ," ಎಂದು ಇವನು ಜಂಬದಿಂದ ಹೇಳಿದ್ದ.

ತಿದ್ದಬೇಕಾದ ಅಂಕಿ ನಾಲ್ಕೇ. 22 ಇದ್ದಲ್ಲಿ 14, 08 ಇದ್ದಲ್ಲಿ 11. ವರ್ಷ ಅದೇ, ಅದನ್ನು ಮುಟ್ಟುವುದೇ ಬೇಡ. ಅಡಿಲೇಡಿನವರ ಹತ್ತಿರ ಇರುವುದು 'ಎಲ್ಲವೂ ಪಾಸ್' ಎಂಬ ಒಂದು ಹಾಳೆ ಮಾತ್ರ, ಚಿತ್ರಗಳ ದಾಖಲೆ ಈ ಕಂಪನಿ ಬಿಟ್ಟು ಹೊರಗೆ ಹೋಗಿಲ್ಲ. ಈ ಲೆಕ್ಕವನ್ನು ಅವನು ಹಾಕಲಿಲ್ಲ, ಅದು ತಾನಾಗಿಯೇ ತಲೆಯೊಳಗೆ ಬಂದು ಕೂತಿತು. ಪೇಂಟ್ ಎಂಬ ಆ ಹಳೆಯ ಬಣ್ಣ ಬಳಿಯುವ ಪ್ರೋಗ್ರಾಮನ್ನು ತೆರೆದು, ಹಿಂದಿನ ಪುಟದ ಚಿತ್ರವನ್ನೂ ನಲವತ್ತೇಳರದನ್ನೂ ಅಕ್ಕಪಕ್ಕ ಇಟ್ಟು, ಎಂಟು ಪಟ್ಟು ದೊಡ್ಡದು ಮಾಡಿದ. ಅಂಕಿಗಳು ಒಡೆದು ಚೌಕ ಚೌಕ ಚುಕ್ಕೆಗಳಾದವು. ಒಂದು ಪುಟದಿಂದ 14 ಅನ್ನು ಕತ್ತರಿಸಿ ಇನ್ನೊಂದಕ್ಕೆ ತಂದಿಟ್ಟ. ಅದು ಒಂದು ಚುಕ್ಕೆ ಕೆಳಗೆ ಕೂತಿತು. ತೆಗೆದು ಮತ್ತೆ ಇಟ್ಟ. ಮೂವತ್ತು ವರ್ಷದ ಹಿಂದೆ ಮೈಸೂರಿನ ಮನೆಯ ಅಟ್ಟದಲ್ಲಿ ಕೂತು, ಮಾರ್ಕ್ಸ್ ಕಾರ್ಡಿನ 31 ಅನ್ನು 81 ಮಾಡಲು ಹೊರಟು, ಅರ್ಧಕ್ಕೇ ಹೆದರಿ ಕಾರ್ಡನ್ನೇ ನೀರಿಗೆ ಬೀಳಿಸಿದ್ದೇನೆಂದು ಅತ್ತಿದ್ದು ನೆನಪಾಯಿತು. ಅಪ್ಪ ಹೊಡೆದಿರಲಿಲ್ಲ. "ನೀರಿಗೆ ಬಿದ್ದಿದ್ರೆ ಪೂರ್ತಿ ಒದ್ದೆ ಆಗ್ಬೇಕಿತ್ತಲ್ಲೋ," ಎಂದಷ್ಟೇ ಅಂದು ಸೈನ್ ಹಾಕಿದ್ದರು. ಯಾರೋ ಹೆಗಲ ಮೇಲೆ ಕೈಯಿಟ್ಟರು. ಸರಕ್ಕನೆ ಪರದೆಯ ಮೇಲಿನ ಪೇಂಟ್ ಕಿಟಕಿ ಇಳಿಸಿದ. ಕ್ರೇಗ್. ಕಾಫಿಯ ಲೋಟ ಹಿಡಿದು ನಗುತ್ತಾ, ಅಡಿಲೇಡಿನವರಿಗೆ ಗಾಬರಿ ಜಾಸ್ತಿ, ನಿನ್ನ ಚಿತ್ರಗಳಿವೆಯಲ್ಲ ಮಹಾ, ಅವನ್ನು ಅವರ ಮುಖಕ್ಕೆ ಹಿಡಿ, ಸಾಕು, ಎಂದ. ಮಹಾಬಲೇಶ್ವರ ಕೂಡ ನಕ್ಕ. ಕ್ರೇಗ್ ಹೋದ ಮೇಲೂ ಆ ನಗು ಮುಖದಿಂದ ಇಳಿಯದೆ ಕೆನ್ನೆ ನೋಯತೊಡಗಿತು.

ಹತ್ತು ಗಂಟೆಗೆ ಅದು ಮುಗಿಯಿತು. ಮೊದಲಿನ ಅಳತೆಗೆ ತಂದು ನೋಡಿದ. 14/11/2014. ಎಲ್ಲೂ ಜೋಡಿಸಿದ ಗುರುತಿಲ್ಲ. ಒಂದು ಕ್ಷಣ ಅವನಿಗೆ ನೆಮ್ಮದಿಯಂಥದ್ದೇ ಏನೋ ಆಯಿತು. ಆಗ ಮೈತ್ರೇಯಿಯ ಫೋನು ಬಂತು.

"ಸರ್, ಮೇಲ್ ನೋಡಿದ್ರಾ?"

"ನೋಡ್ದೆ."

"ಮೇಲ್ ಬಂದಾಗಿಂದ ಸಿಸ್ಟಮ್ ಮುಂದೇನೇ ಕೂತಿದೀನಿ ಸರ್. ಏನ್ ಮಾಡ್ಬೇಕು ಗೊತ್ತಾಗ್ತಿಲ್ಲ. ರಿವ್ಯೂದಲ್ಲಿ ನನ್ನ ಹೆಸರಿದೆ." ಅವಳ ಉಸಿರು ಫೋನಿನಲ್ಲಿ ಕೇಳಿಸುತ್ತಿತ್ತು. "ಸರ್, ನಲವತ್ತೇಳರಲ್ಲಿ ಡೇಟು..."

ಅವನು ತಿದ್ದಿದ ಚಿತ್ರದ ಮೂಲೆಯನ್ನೇ ನೋಡಿದ.

"ನಾನು ನವೆಂಬರ್‌ನಲ್ಲೇ ನೋಡಿದ್ದೆ ಸರ್. ಆಗಸ್ಟ್ ಅಂತ ಇದೆ ಅಂತ ಕಾಮೆಂಟ್ ಕೂಡ ಟೈಪ್ ಮಾಡ್ದೆ. ಆಮೇಲೆ ಡಿಲೀಟ್ ಮಾಡ್ಬಿಟ್ಟೆ."

"ಯಾಕೆ?"

"ನಿಮಗೆ ಹೇಗ್ ಸರ್ ಹೇಳೋದು? ನೀವು ಗಡಿಯಾರದ ವಿಷಯದಲ್ಲಿ... ನಾನೇ ಏನೋ ತಪ್ಪು ತಿಳ್ಕೊಂಡಿರ್ಬೇಕು ಅಂದ್ಕೊಂಡೆ. ಮತ್ತೆ ಎಲ್ರ ಮುಂದೆ ಬೈಸ್ಕೋಬೇಕಾಗತ್ತೆ ಅಂತ ಹೆದ್ರಿಕೆ ಆಯ್ತು."

ಎರಡು ವರ್ಷದ ಹಿಂದೆ ಬ್ರಿಸ್ಬೇನಿನಲ್ಲಿ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೈತ್ರೇಯಿ ಚಿತ್ರಗಳನ್ನು ಅಂದವಾಗಿ ಕತ್ತರಿಸಿ, ಬೇಕಾದ ಭಾಗವನ್ನಷ್ಟೇ ಇಟ್ಟು ಅರವತ್ತು ಪುಟ ತಯಾರಿಸಿದ್ದಳು. ಇವನು ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಹನ್ನೆರಡು ಜನರೆದುರು, ಮೂಲೆಯ ಗಡಿಯಾರ ಎಲ್ಲಿ, ಗಡಿಯಾರ ಇಲ್ಲದ ಚಿತ್ರವನ್ನು ಯಾರು ನಂಬುತ್ತಾರೆ, ನಿಮ್ಮ ಫೋಟೋ ಆಲ್ಬಮ್ಮಿಗೆ ಇಟ್ಟುಕೊಳ್ಳಿ ಎಂದಿದ್ದ. ಜನ ನಕ್ಕಿದ್ದರು. ನಗಿಸಿದವನು ತಾನು ಎಂಬ ಸುಖ ಎಷ್ಟೋ ಹೊತ್ತು ಮೈಯಲ್ಲಿ ಉಳಿದಿತ್ತು. ಅದೇ ಸಂಜೆ ಅವಳೇ ಅವನನ್ನು ಕಾರಿನಲ್ಲಿ ಫಾರೆಸ್ಟ್ ಲೇಕ್ ಬಡಾವಣೆಯ ತನ್ನ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು, ಬಿಸಿಬೇಳೆಬಾತ್ ಮಾಡಿದ್ದಳು, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಸರ್ ಎಂದಳು. ಊಟದ ಮೇಲೆ ಕೆರೆಯ ಸುತ್ತ ನಡೆಯುವಾಗ ಅವಳ ಕಣ್ಣಿನ ಕೆಳಗೆ ಕೆಂಪಾಗಿದ್ದನ್ನು ಅವನು ಕಂಡಿದ್ದ; ಕಂಡೂ ಆ ಕೆರೆಯನ್ನು ಯಾವಾಗ ತೋಡಿದರು ಎಂದು ಕೇಳಿದ್ದ. ಲಾಡಿನ ಡಬ್ಬಿ ಹಿಡಿದು ನಿಂತವನಿಗೆ ಅದು ಅರ್ಥವಾಗದೆ ಹೋದದ್ದು ಹೇಗೆ?

"ಈಗ ಏನು ಹೇಳ್ಲಿ ಸರ್?" ಮೈತ್ರೇಯಿ ಕೇಳುತ್ತಿದ್ದಳು. "ನೀವು ಏನು ಹೇಳು ಅಂತೀರೋ ಅದನ್ನೇ ಹೇಳ್ತೀನಿ. ಡೇಟು ಸರಿ ಇತ್ತು ಅಂದ್ರೆ ಸರಿ ಇತ್ತು ಅಂತೀನಿ."

'ಹಾಗೇ ಹೇಳು' ಎನ್ನುವುದಕ್ಕೆ ಬಾಯಿ ತೆರೆದ. ಅದೇ ಸುಲಭ, ಅವಳೇ ಕೊಡುತ್ತಿದ್ದಾಳೆ. ಆದರೆ ಆ ಧ್ವನಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ. ಬೆಳಗಿನಿಂದ ತನ್ನ ತಲೆಯೊಳಗೆ ಮಾತಾಡುತ್ತಿದ್ದುದೂ ಅದೇ. ಆ ಪುಕ್ಕಲುತನವನ್ನು ತಾನೇ ಅವಳಿಗೆ ಅಂಟಿಸಿದ್ದು. ಇವನು ಅವಳನ್ನು ಹೆದರಿಸಿದ, ಅವಳು ಹೆದರಿ ಸುಮ್ಮನಾದಳು, ಆ ಸುಮ್ಮನಿರುವಿಕೆಯ ಕೊನೆಗೆ ಎಲ್ಲೋ ಒಂದು ಹಾಸಿಗೆಯಲ್ಲಿ ಒಬ್ಬ ಮುದುಕಿ.

"ಆಮೇಲೆ ಫೋನ್ ಮಾಡ್ತೀನಿ ಮೈತ್ರೇಯಿ," ಎಂದು ಫೋನು ಇಟ್ಟ.

ಹತ್ತೂ ಇಪ್ಪತ್ತೆರಡು. ಮೀಟಿಂಗಿಗೆ ಇನ್ನು ಎಂಟು ನಿಮಿಷ. ತಿದ್ದಿದ ಚಿತ್ರವನ್ನು ಸೇವ್ ಮಾಡುವ ಮೊದಲು ಇನ್ನೊಮ್ಮೆ ದೊಡ್ಡದು ಮಾಡಿ, ಒಂದರ ಪಕ್ಕ ಒಂದಿಟ್ಟು ನೋಡಿದ: ಎಡಗಡೆ ಮೂಲ, ಆಗಸ್ಟ್, ಬಲಗಡೆ ತಿದ್ದಿದ್ದು, ನವೆಂಬರ್, ಎರಡರಲ್ಲೂ ಕೆಂಪು ಚೌಕದ ಕೆಳಗೆ ಸುಲೋಚನಾ. ಆಗ ಬೆರಳು, ಒಂಬತ್ತು ವರ್ಷದಿಂದ ಪ್ರತಿ ಹಂತದ ಕೊನೆಗೂ ಮಾಡುತ್ತಾ ಬಂದಂತೆ, ಯಾರನ್ನೂ ಕೇಳದೆ ಆ ಕೀಲಿಯನ್ನು ಒತ್ತಿತು. ಒತ್ತಿದ್ದು ತಿಳಿದದ್ದೇ ಆಮೇಲೆ. ದಾಖಲೆಗೆ ಅಂಟಿಸಿ ನೋಡಿದರೆ ಇಡೀ ಪರದೆ ಬಂದಿತ್ತು. ಕತ್ತರಿಸಿಟ್ಟ 14, ಅದನ್ನು ತಂದು ಕೂರಿಸಿದ ಜಾಗ, ಫೈಲಿನ ತಲೆಯ ಮೇಲೆ ಅವನ ಹೆಸರು, ಮೂಲೆಯಲ್ಲಿ ಗಡಿಯಾರ, ಇವತ್ತಿನ ತಾರೀಖು. ತಾನು ಎಲ್ಲರಿಗೂ ಕಲಿಸಿದ ನಿಯಮಗಳಲ್ಲಿ ಒಂದನ್ನೂ ತಪ್ಪಿಸದ ಚಿತ್ರ. ಅಳಿಸಲು ಒಂದು ಕೀಲಿ ಸಾಕು. ಅವನು ಅದರ ಮೇಲೆ ಬೆರಳಿಟ್ಟುಕೊಂಡು ಕೂತ. ಮುಂದಿನ ಗುರುವಾರದ ಮೆಡಿಕಲ್ ನೆನಪಾಯಿತು, ಸೋಫಾ ಇಲ್ಲದ ಹಾಲ್ ನೆನಪಾಯಿತು, ಸೈಕಲ್ಲಿನ ಬೆಲ್ ಅನ್ನು ಎರಡು ಸಲ ಒತ್ತಿ ನೋಡಿದ ಅದಿತಿ ನೆನಪಾದಳು. ಕಂಪ್ಯೂಟರಿನಲ್ಲಿ ಕರೆ ಬರುವ ಸದ್ದು ಶುರುವಾಯಿತು.

ಹೆಲೆನ್ ಬಂದಳು, ಕ್ರೇಗ್ ತನ್ನ ಕೋಣೆಯಿಂದ ಸೇರಿಕೊಂಡ, ಬ್ರಿಸ್ಬೇನಿನಿಂದ ಮೈತ್ರೇಯಿ. ಯಾರ ಮುಖವೂ ಇಲ್ಲ, ಬರೀ ಹೆಸರುಗಳು. ನಲವತ್ತೇಳನೇ ಪುಟ ಕಳಿಸುತ್ತೀಯಾ ಎಂದು ಹೆಲೆನ್ ಕೇಳಿದಳು. ಅವನು ಕಳಿಸಿದ. ತಲುಪಲು ನಾಲ್ಕೈದು ಸೆಕೆಂಡು ಹಿಡಿಯಿತು.

"ನಾನು ಏನನ್ನು ನೋಡುತ್ತಿದ್ದೇನೆ ಅಂತ ಗೊತ್ತಾಗುತ್ತಿಲ್ಲ," ಎಂದಳು ಹೆಲೆನ್. "ಇಲ್ಲಿ ಎರಡು ಚಿತ್ರಗಳಿವೆ. ತಾರೀಖಿನ ಹತ್ತಿರ ಏನೋ ಕತ್ತರಿಸಿದ ಹಾಗಿದೆ."

ಕ್ರೇಗ್, "ಮಹಾ, ತಪ್ಪು ಫೈಲ್ ಕಳಿಸಿದೆ ಅಂತ ಕಾಣುತ್ತೆ ಮೇಟ್," ಎಂದ. ಒಳ್ಳೆಯ ಮನುಷ್ಯ. ತಪ್ಪಿಸಿಕೊಳ್ಳಲು ಬಾಗಿಲನ್ನು ಕೊನೆಯ ಸಲ ತೆರೆದು ಹಿಡಿದಿದ್ದ.

"ತಪ್ಪು ಫೈಲ್ ಅಲ್ಲ," ಎಂದ ಮಹಾಬಲೇಶ್ವರ. ತನ್ನ ಇಂಗ್ಲಿಷು ತನಗೇ ಬೇರೆ ಯಾರದೋ ಎನ್ನಿಸುವಷ್ಟು ನಿಧಾನವಾಗಿ ಬರುತ್ತಿತ್ತು. "ನವೆಂಬರಿನಲ್ಲಿ ನಾನು ಈ ಟೆಸ್ಟ್ ಮಾಡಲಿಲ್ಲ. ಹಳೆಯ ಚಿತ್ರ ಹಾಕಿದೆ. ಇವತ್ತು ಬೆಳಗ್ಗೆ ಅದರ ತಾರೀಖು ತಿದ್ದಿದೆ. ನೀವು ನೋಡುತ್ತಿರುವುದು ಅದನ್ನೇ. ಮೈತ್ರೇಯಿ ತಪ್ಪು ಕಂಡುಹಿಡಿದಿದ್ದರು. ಹೇಳಲು ನನಗೆ ಹೆದರಿದರು, ಹೆದರುವ ಹಾಗೆ ಮಾಡಿದ್ದವನು ನಾನು."

ಬ್ರಿಸ್ಬೇನಿನ ಕಡೆಯಿಂದ ಕುರ್ಚಿ ಕಿರ್ರೆಂದದ್ದು ಕೇಳಿಸಿತು. ಭಯ ಹೋಗಿಬಿಡುತ್ತದೆ, ಹಗುರವಾಗುತ್ತದೆ ಎಂದು ಅವನು ಅಂದುಕೊಂಡಿದ್ದ, ಹಾಗೇನೂ ಆಗಲಿಲ್ಲ. ಭಯ ಅಲ್ಲೇ ಇತ್ತು, ಆದರೆ ಅದರ ಪಕ್ಕದಲ್ಲಿ ಬೆಳಗಿನಿಂದ ಕೇಳದೇ ಬಿಟ್ಟಿದ್ದ ಒಂದು ಪ್ರಶ್ನೆ ಕೂತಿತ್ತು. ಏಳೂ ಐದರ ರೈಲಿನಿಂದ ಇಲ್ಲಿಯವರೆಗೆ ವೀಸಾಕ್ಕೆ ಹೆದರಿದ್ದ, ಕ್ರೇಗ್‌ಗೆ ಹೆದರಿದ್ದ, ನಾಲ್ಕು ಅಂಕಿಗಳಿಗೆ ಹೆದರಿದ್ದ. ಇದನ್ನು ಕೇಳುವುದು ತಲೆಗೇ ಹೊಳೆದಿರಲಿಲ್ಲ.

"ಅವರು ಹೇಗಿದ್ದಾರೆ?" ಎಂದು ಕೇಳಿದ. "ಆ ಅಜ್ಜಿ?"

"ಇನ್ನೂ ಕಣ್ಣು ಬಿಟ್ಟಿಲ್ಲ," ಎಂದಳು ಹೆಲೆನ್.

ಪರದೆಯ ಮೂಲೆಯಲ್ಲಿ ಹತ್ತೂ ಮೂವತ್ತನಾಲ್ಕು, ಮೂವತ್ತೈದು ಆಯಿತು. ಅವನ ಬೆರಳು ತನ್ನಷ್ಟಕ್ಕೆ, ಚಿತ್ರ ತೆಗೆಯುವ ಆ ಕೀಲಿಯ ಕಡೆಗೆ ಹೊರಟಿತು. ಮಹಾಬಲೇಶ್ವರ ಕೈಯನ್ನು ಹಿಂದಕ್ಕೆ ಎಳೆದು, ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಭಾರ ಬಿಟ್ಟು ಕೂತ.